ಸಹಿ 4,312, ಬಂದವರು 61: ಒಂದು ಆನ್‌ಲೈನ್ ಮನವಿ ಸೇವೆಯನ್ನು ಎಂಟು ತಿಂಗಳು ಬಳಸಿದ ಮೇಲೆ

ಐದರಲ್ಲಿ ಮೂರು ನಕ್ಷತ್ರ ಕೊಟ್ಟಿದ್ದೇನೆ. ಎರಡನೆಯ ತಿಂಗಳಲ್ಲಿ ಬರೆದಿದ್ದರೆ ಐದೂ ಕೊಡುತ್ತಿದ್ದೆ, ನಾಲ್ಕನೆಯ ತಿಂಗಳಲ್ಲಾದರೆ ಒಂದಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಈಗ ಬೆರಗೂ ಇಳಿದಿದೆ, ಸಿಟ್ಟೂ ಇಳಿದಿದೆ. ಕೈಯಲ್ಲಿ ಒಂದು ನೋಟ್‌ಪುಸ್ತಕ ಉಳಿದಿದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಧರಣಿ, ಮುತ್ತಿಗೆ ಎಂಬುವು ಪತ್ರಿಕೆಯಲ್ಲಿ ಓದಿ ಮಡಿಸಿಡುವ ಸುದ್ದಿಗಳು ಎಂದುಕೊಂಡೇ ಅಷ್ಟು ವರ್ಷ ಕಳೆದೆ. ನಮ್ಮ ಶಾಖಾ ಗ್ರಂಥಾಲಯದ ಬಾಗಿಲಿಗೆ ಒಂದು ದಿನ ನೋಟಿಸು ಬಿತ್ತು: ಕೆಲವು ತಿಂಗಳಲ್ಲಿ ಶಾಖೆ ಮುಚ್ಚುತ್ತದೆ, ಪುಸ್ತಕಗಳು ಕೇಂದ್ರ ಗ್ರಂಥಾಲಯಕ್ಕೆ ಹೋಗುತ್ತವೆ. ದಿನಾ ಸಂಜೆ ಪತ್ರಿಕೆ ಓದಲು ಬರುತ್ತಿದ್ದ ನಾವು ಏಳೆಂಟು ಮಂದಿ ಆ ನೋಟಿಸನ್ನು ಎರಡೆರಡು ಸಲ ಓದಿದೆವು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬರುತ್ತಿದ್ದ ಒಬ್ಬ ಹುಡುಗ ಅಲ್ಲೇ ನಿಂತು ಮೊಬೈಲ್ ತೆಗೆದ. "ಆನ್‌ಲೈನ್‌ನಲ್ಲಿ ಮನವಿ ಹಾಕೋಣ ಮೇಡಂ. ಈಗ ಸರ್ಕಾರಗಳೇ ಹೀಗೆ ಉರುಳುತ್ತಿವೆ" ಎಂದ.

ಸೇವೆಯ ಹೆಸರು ಬರೆಯುವುದಿಲ್ಲ. ಈ ಬಗೆಯ ತಾಣಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಖಾತೆ ತೆರೆದು, ಬೇಡಿಕೆ ಬರೆದು, ಒಂದು ಫೋಟೊ ಹಾಕಿ, ಮನವಿ ಯಾರಿಗೆ ಎಂದು ತುಂಬಿದರೆ ಮುಗಿಯಿತು. ನನಗೆ ಇಪ್ಪತ್ತು ನಿಮಿಷ ಹಿಡಿಯಿತು, ಅದರಲ್ಲಿ ಹನ್ನೆರಡು ನಿಮಿಷ ಪಾಸ್‌ವರ್ಡಿಗೇ ಹೋಯಿತು. ಬಳಕೆಯ ಸುಲಭಕ್ಕೆ ಪೂರ್ತಿ ಅಂಕ. ಆ ಭಾಗದ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದೇನೂ ಇಲ್ಲ.

ಗುರಿಯ ಪಟ್ಟಿಯ ಬಗ್ಗೆ ಮಾತ್ರ ಹೇಳಲೇಬೇಕು. ಮೊದಲು 100 ಸಹಿ ಗುರಿ ಎಂದಿತು. ಇನ್ನೇನು ಮುಟ್ಟಿದೆವು ಎನ್ನುವಷ್ಟರಲ್ಲಿ ಗುರಿ 200 ಆಯಿತು, ಆಮೇಲೆ 500, ಆಮೇಲೆ 1,000. ಬಿಸಿಲ್ಗುದುರೆಯ ಹಾಗೆ ಅದು ಮುಂದೆ ಮುಂದೆ ಓಡುತ್ತದೆ, ನಾವು ಹಿಂದೆ. ಲೆಕ್ಕಪತ್ರದವಳಾದ ನನಗೆ ಇದು ಕಿರಿಕಿರಿ. ಬಜೆಟ್ಟಿನ ಅಂಕಿ ವರ್ಷದ ನಡುವೆ ತಾನಾಗಿ ಬದಲಾಗುವುದನ್ನು ನಾನು ಎಲ್ಲಿಯೂ ಕಂಡಿಲ್ಲ. ಹಾಗೆಂದು ಆ ವಾರ ನಾನೇನೂ ಸುಮ್ಮನೆ ಕೂರಲಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾದರೂ ಮೊಬೈಲ್ ತೆಗೆದು ಎಷ್ಟಾಯಿತೆಂದು ನೋಡುತ್ತಿದ್ದೆ. ಐದನೆಯ ವಾರಕ್ಕೆ 4,312 ಆಯಿತು. ನಾನು, ಆ ಹುಡುಗ, ಗ್ರಂಥಪಾಲಕರು ಮೂವರೂ ಗೆದ್ದೇ ಬಿಟ್ಟೆವು ಎಂದುಕೊಂಡೆವು.

ಸಹಿಗಳನ್ನು ಮುದ್ರಿಸಿದೆವು. ಪುಟಕ್ಕೆ 48 ಹೆಸರು, ಒಟ್ಟು 90 ಪುಟ. ನೋಟಿಸು ಕೊಟ್ಟ ಕಚೇರಿಯಲ್ಲಿ ಅಧಿಕಾರಿ ಆ ಕಂತೆಯನ್ನು ಒಮ್ಮೆ ತೂಗುವವರಂತೆ ಕೈಯಲ್ಲಿ ಎತ್ತಿ, ಮೇಜಿನ ಮೇಲಿಟ್ಟು, ಬಹಳ ಸೌಮ್ಯವಾಗಿ ಕೇಳಿದರು: "ಇವರಲ್ಲಿ ಈ ಶಾಖೆಯ ಕಾರ್ಡ್ ಇರುವವರು ಎಷ್ಟು ಜನ?"

ನಮಗೆ ಗೊತ್ತಿರಲಿಲ್ಲ. ಪುಟ ತಿರುಗಿಸಿದರೆ ಬರೀ ಹೆಸರು, ಅವುಗಳ ಮುಂದೆ ದೂರದೂರದ ಊರುಗಳು. ನಮ್ಮ ಗ್ರಂಥಾಲಯದ ಮೆಟ್ಟಿಲು ಹತ್ತದವರು "ನನ್ನ ಬಾಲ್ಯ ಇಂಥ ಕಡೆಯೇ ಕಳೆಯಿತು" ಎಂದು ಬರೆದಿದ್ದರು. ಒಳ್ಳೆಯ ಮನಸ್ಸಿನ ಮಾತು, ನಿಜ. ಆದರೆ ಅಧಿಕಾರಿಯ ಪ್ರಶ್ನೆಗೆ ಅದು ಉತ್ತರವಲ್ಲ. ಮನೆಗೆ ಬಂದು ಸೇವೆಯ ಸಹಾಯ ವಿಭಾಗಕ್ಕೆ ಬರೆದೆ: ಸಹಿ ಹಾಕಿದವರನ್ನು ಸಂಪರ್ಕಿಸುವುದು ಹೇಗೆ? ಇಮೇಲ್, ದೂರವಾಣಿ ಕೊಡುವುದಿಲ್ಲ, ಅದು ಅವರ ಖಾಸಗಿ ಮಾಹಿತಿ, ಬೇಕಿದ್ದರೆ ತಾಣದ ಮೂಲಕವೇ ಒಂದು 'ಅಪ್‌ಡೇಟ್' ಕಳುಹಿಸಿ ಎಂದು ಉತ್ತರ ಬಂತು. ಖಾಸಗಿತನದ ಮಾತು ನ್ಯಾಯವಾದದ್ದೇ. ಆದರೆ ಅದೇ ಸೇವೆ ಅದೇ ಜನಕ್ಕೆ ಬೇರೆ ಬೇರೆ ಮನವಿಗಳ ಇಮೇಲ್‌ಗಳನ್ನು ದಿನಕ್ಕೊಂದರಂತೆ ಕಳುಹಿಸುತ್ತಲೇ ಇತ್ತು. ಹಣ ಕೊಟ್ಟರೆ ನಮ್ಮ ಮನವಿಯನ್ನು ಇನ್ನಷ್ಟು ಜನರಿಗೆ ತೋರಿಸುವುದಾಗಿಯೂ ಹೇಳುತ್ತಿತ್ತು. ಜನ ಸೇರಿಸಿದ್ದು ನಾವು, ಜನ ಉಳಿದದ್ದು ಅವರ ಖಾತೆಯಲ್ಲಿ. ನಾಲ್ಕನೆಯ ತಿಂಗಳಿನ ಸಿಟ್ಟು ಇದೇ.

ಆ ಹೊತ್ತಿಗೆ ನಾವು ಒಂದು ಸಭೆಯನ್ನೂ ಕರೆದಿದ್ದೆವು. ಸಾಮಾಜಿಕ ಜಾಲತಾಣದಲ್ಲಿ ಸಭೆಗೊಂದು ಪುಟ ಮಾಡಿ ಹಂಚಿದೆವು. 318 ಜನ 'ಬರುತ್ತೇನೆ' ಎಂದು ಒತ್ತಿದ್ದರು. ಬಂದವರು 14, ನಮ್ಮ ಮೂವರನ್ನೂ ಸೇರಿಸಿ. ಹುಡುಗ ಗೋಡೆಗೆ ಒರಗಿಸಿಟ್ಟಿದ್ದ ಮಡಚುವ ಕುರ್ಚಿಗಳನ್ನು ಬಿಡಿಸಲೇ ಇಲ್ಲ.

ಅಂದು ಅವನಿಗೂ ನನಗೂ ಸಣ್ಣ ಜಗಳವೇ ನಡೆಯಿತು. ಜಾಲತಾಣದಿಂದ ಏನೂ ಆಗುವುದಿಲ್ಲ ಎಂದೆ. ಅವನು ಈಜಿಪ್ಟ್ ತೆಗೆದ. ಪೊಲೀಸರ ಹೊಡೆತಕ್ಕೆ 2010ರ ಜೂನ್‌ನಲ್ಲಿ ಅಲೆಕ್ಸಾಂಡ್ರಿಯಾದಲ್ಲಿ ಸತ್ತ ಖಾಲಿದ್ ಸಯೀದ್ ಎಂಬ ಯುವಕನ ಹೆಸರಿನಲ್ಲಿ ಗೂಗಲ್ ಉದ್ಯೋಗಿ ವಾಯಿಲ್ ಗೊನಿಮ್ ಫೇಸ್‌ಬುಕ್ ಪುಟ ನಡೆಸಿದ್ದು, ಅದೇ ಪುಟ 2011ರ ಜನವರಿ 25ಕ್ಕೆ ಬೀದಿಗೆ ಬನ್ನಿ ಎಂದು ಕರೆದದ್ದು, ಹದಿನೆಂಟು ದಿನದಲ್ಲಿ, ಫೆಬ್ರವರಿ 11ಕ್ಕೆ, ಅಧ್ಯಕ್ಷ ಮುಬಾರಕ್ ಇಳಿದದ್ದು, ಎಲ್ಲ ಹೇಳಿದ. ನಿವೃತ್ತಳಾದ ಮೇಲೆ ಗ್ರಂಥಾಲಯದಲ್ಲಿ ನಾನೂ ಸ್ವಲ್ಪ ಓದಿದ್ದೆ. ಜನವರಿ 28ರ ಶುಕ್ರವಾರ ಬೀದಿಗಿಳಿದ ಜನ 25ಕ್ಕಿಂತ ಎಷ್ಟೋ ಹೆಚ್ಚು. ಅಂದು ದೇಶದ ಇಂಟರ್ನೆಟ್ಟನ್ನೂ ಮೊಬೈಲ್ ಸೇವೆಯನ್ನೂ ಸರ್ಕಾರವೇ ನಿಲ್ಲಿಸಿತ್ತು. ಫೇಸ್‌ಬುಕ್ ಇಲ್ಲದ ದಿನ ಜನ ಹೇಗೆ ಬಂದರು? ಶುಕ್ರವಾರದ ಪ್ರಾರ್ಥನೆ ಮುಗಿಸಿ ಮಸೀದಿಗಳಿಂದ ಹೊರಬಿದ್ದವರು ಹಾಗೆಯೇ ಸಾಲುಗಟ್ಟಿದರು. ಗೊನಿಮ್ ಅವರೇ ಸಮಾಜದ ಬಿಡುಗಡೆಗೆ ಇಂಟರ್ನೆಟ್ ಒಂದಿದ್ದರೆ ಸಾಕು ಎಂದು ಮೊದಲು ಹೇಳಿ, 2015ರಲ್ಲಿ ಅದು ತಪ್ಪು ಎಂದು ವೇದಿಕೆಯ ಮೇಲೆ ಒಪ್ಪಿಕೊಂಡರು.

ಹುಡುಗ ಸೋಲಲಿಲ್ಲ. ನೇಪಾಳ ತೆಗೆದ. 2025ರ ಸೆಪ್ಟೆಂಬರ್ 4ರಂದು ಅಲ್ಲಿನ ಸರ್ಕಾರ 26 ಜಾಲತಾಣಗಳನ್ನು ನಿಷೇಧಿಸಿತು. 8ರಂದು ಯುವಕರು ಬೀದಿಗೆ ಬಂದರು, ಗುಂಡೇಟಿಗೆ ಜನ ಸತ್ತರು. 9ರಂದು ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ಡಿಸ್ಕಾರ್ಡ್ ಎಂಬ ಹರಟೆಯ ಆ್ಯಪ್‌ನಲ್ಲಿ ಮತ ಹಾಕಿ ಯುವಕರು ಮಾಜಿ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ ಅವರ ಹೆಸರು ಮುಂದಿಟ್ಟರು, 12ರಂದು ಅವರು ಮಧ್ಯಂತರ ಸರ್ಕಾರದ ಪ್ರಧಾನಿಯಾದರು. "ಇದಕ್ಕೇನು ಹೇಳುತ್ತೀರಿ?" ಎಂದ. ಹೇಳುವುದು ಕಷ್ಟವೇ ಇತ್ತು. ಭ್ರಷ್ಟಾಚಾರದ ಮೇಲಿನ ಸಿಟ್ಟು ವರ್ಷಗಳಿಂದ ಕೂಡಿಬಂದದ್ದು. ರಾಜಕಾರಣಿಗಳ ಮಕ್ಕಳ ವೈಭೋಗದ ವಿಡಿಯೊಗಳು ಅದನ್ನು ಊದಿ ಉರಿಸಿದ್ದು ನಿಜ. ಆದರೆ ಅಲ್ಲೂ, ಈಜಿಪ್ಟಿನಲ್ಲೂ, ಜನ ಉಕ್ಕಿ ಬಂದದ್ದು ಬಾಗಿಲು ಮುಚ್ಚಿದ ಮೇಲೆ. ಏನಾಗುತ್ತಿದೆ ಎಂದು ಮೊಬೈಲ್‌ನಲ್ಲಿ ನೋಡುತ್ತಾ ಕೂರಬಹುದಾಗಿದ್ದವನು ಅದು ಬಂದಾದಾಗ ಹೊರಗೆ ಹೋಗಿಯೇ ನೋಡಬೇಕಲ್ಲ. ಹುಡುಗ ಇದಕ್ಕೆ ನಕ್ಕು, "ಹಾಗಾದರೆ ನಮ್ಮ ಮನವಿಯನ್ನೂ ಯಾರಾದರೂ ನಿಷೇಧಿಸಲಿ ಎಂದು ಹರಸಿ" ಎಂದ.

ಜಗಳ ತೀರುವಂತಿರಲಿಲ್ಲ. ಹಾಗಾಗಿ ಎಣಿಸೋಣ ಎಂದೆ. ನನಗೆ ಬರುವುದು ಅದೊಂದೇ.

ಎರಡನೆಯ ಸಭೆಗೆ ಮನವಿ, ಜಾಲತಾಣ, ಗ್ರೂಪ್ ಎಲ್ಲದರಲ್ಲೂ ಹಾಕಿದೆವು. ಜೊತೆಗೆ, ಗ್ರಂಥಾಲಯದ ಬಾಗಿಲ ಬಳಿ ಪುಸ್ತಕವಿಟ್ಟು ಹೋಗಿಬರುವವರಿಂದ ಬರೆಸಿಕೊಂಡಿದ್ದ ಸಂಖ್ಯೆಗಳಿಗೆ ನಾಲ್ಕು ಜನ ಕುಳಿತು ಫೋನ್ ಮಾಡಿದೆವು. ಒಟ್ಟು 140 ಕರೆ. ಪ್ರತಿಯೊಬ್ಬರನ್ನೂ ಮೊದಲು ಕೇಳಿದ್ದು ಒಂದೇ: ಆನ್‌ಲೈನ್ ಮನವಿ ನೋಡಿದ್ದೀರಾ? ಉತ್ತರವನ್ನು ಹೆಸರಿನ ಮುಂದೆ ಬರೆದುಕೊಂಡೆವು.

ಅಂದು ಬಂದವರು 61. ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತು ಎರಡು ಪ್ರಶ್ನೆ ಕೇಳಿದೆ. ವಿಷಯ ಹೇಗೆ ತಿಳಿಯಿತು? 43 ಜನ ಮೊಬೈಲ್‌ನಲ್ಲಿ, 11 ಜನ ಬಾಗಿಲಿನ ನೋಟಿಸಿನಿಂದ, 7 ಜನ ಪಕ್ಕದ ಮನೆಯವರಿಂದ. ಸರಿ, ಇವತ್ತು ಏಕೆ ಬಂದಿರಿ? 38 ಜನ ಫೋನ್ ಬಂದದ್ದಕ್ಕೆ, 12 ಜನ ಯಾರೋ ಕರೆದುಕೊಂಡು ಬಂದದ್ದಕ್ಕೆ, 8 ಜನ ಹೇಗೂ ದಿನಾ ಬರುವವರು. ಬರೀ ಮೊಬೈಲ್‌ನಲ್ಲಿ ನೋಡಿ ಬಂದವರು ಮೂರು ಜನ. ಮೂರು!

ಆ ಮೂರನ್ನು ಕೆಂಪು ಶಾಯಿಯಲ್ಲಿ ಬರೆದು ಹುಡುಗನಿಗೆ ತೋರಿಸಿದೆ. ಗೆದ್ದೆನೆಂದು ಬೀಗಿದೆ ಎಂದೂ ಒಪ್ಪಿಕೊಳ್ಳುತ್ತೇನೆ. ಅವನು ಪುಸ್ತಕವನ್ನು ಮನೆಗೆ ಕೊಂಡುಹೋಗಿ ಮರುದಿನ ತಂದುಕೊಟ್ಟ. ಕರೆಗಳ ಪಟ್ಟಿಯನ್ನೂ ಹಾಜರಿಯ ಪಟ್ಟಿಯನ್ನೂ ತಾಳೆ ನೋಡಿದ್ದ. ನಾನು ಮಾಡಬೇಕಾಗಿದ್ದ ಕೆಲಸ ಅದು. 140ರಲ್ಲಿ ಮನವಿಯನ್ನು ಮೊದಲೇ ನೋಡಿದ್ದವರು 92, ಅವರಲ್ಲಿ ಬಂದವರು 31. ನೋಡದಿದ್ದವರು 48, ಬಂದವರು 7. ಮೂವರಲ್ಲಿ ಒಬ್ಬರು ಒಂದು ಕಡೆ, ಏಳು ಜನರಲ್ಲಿ ಒಬ್ಬರು ಇನ್ನೊಂದು ಕಡೆ. ಆಸಕ್ತಿ ಇದ್ದವರೇ ಮನವಿಯನ್ನೂ ನೋಡಿರುತ್ತಾರೆ ಎಂದು ನಾನು ವಾದಿಸಿದೆ, ಅದೂ ಸ್ವಲ್ಪ ನಿಜವೇ. ಆದರೆ ಮೊಬೈಲ್‌ನ ಕರೆಪಟ್ಟಿಯಲ್ಲಿ ಸಮಯವೂ ಇರುತ್ತದಲ್ಲ. ಮನವಿ ನೋಡಿದ್ದವರ ಕರೆ ಸರಾಸರಿ 50 ಸೆಕೆಂಡ್, ನೋಡದವರದ್ದು ಐದೂವರೆ ನಿಮಿಷ. ಯಾವ ಗ್ರಂಥಾಲಯ, ಏಕೆ ಮುಚ್ಚುತ್ತಾರೆ, ನೀವು ಯಾರು, ಯಾವ ಪಕ್ಷದವರು, ಹಣ ಕೇಳುತ್ತೀರಾ? ಇವಿಷ್ಟಕ್ಕೂ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ನನ್ನ ಗಂಟಲೂ ಅವರ ತಾಳ್ಮೆಯೂ ಒಣಗಿರುತ್ತಿದ್ದವು. ಆ ಐದು ನಿಮಿಷದ ಕೆಲಸವನ್ನು ಸೇವೆ ಮೊದಲೇ ಮಾಡಿಟ್ಟಿತ್ತು. ಎರಡನೆಯ ನಕ್ಷತ್ರ, ಮೂರನೆಯ ನಕ್ಷತ್ರ ಎರಡೂ ಆ ಐದು ನಿಮಿಷಕ್ಕೆ.

ಆಮೇಲೆ ಕಚೇರಿಯ ಮುಂದೆ ಸೇರಲು ಜನರನ್ನು ಕರೆದಾಗಿನ ಒಂದು ಕರೆ ಮಾತ್ರ ಇನ್ನೂ ಕಿವಿಯಲ್ಲಿದೆ. ಒಬ್ಬ ಹೆಂಗಸು, ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದವರು. "ನಾನು ಸಹಿ ಹಾಕಿದ್ದೇನಲ್ಲ ಮೇಡಂ, ಇನ್ನೇನು ಮಾಡಬೇಕು?" ಎಂದರು. ದನಿಯಲ್ಲಿ ಬೇಸರವಿತ್ತು. "ಸೋಮವಾರ ಹತ್ತು ಗಂಟೆಗೆ ಕಚೇರಿಯ ಮುಂದೆ ಬಂದು ಒಂದು ಗಂಟೆ ನಿಲ್ಲಬೇಕು" ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಅಷ್ಟೇ ತಾನೇ? ಅದನ್ನು ಅಲ್ಲಿ ಯಾರೂ ಹೇಳಲೇ ಇಲ್ಲವಲ್ಲ" ಎಂದರು. ಬಂದರು, ಮಗಳನ್ನೂ ಕರೆತಂದರು. ಸಹಿ ಹಾಕಿ ಸುಮ್ಮನಾಗುವವರು ಸೋಮಾರಿಗಳು ಎಂದು ಅಲ್ಲಿಯವರೆಗೆ ಎಷ್ಟು ಸಲ ಹೇಳಿದ್ದೆನೋ!

ಸೇವೆಯ ವಿನ್ಯಾಸದ ಮೇಲಿನ ನನ್ನ ದೊಡ್ಡ ತಕರಾರು ಇದಕ್ಕೇ ಸಂಬಂಧಿಸಿದ್ದು. ಸಹಿ ಹಾಕಿದ ಕ್ಷಣ ದೊಡ್ಡ ಗುಂಡಿಯೊಂದು ಎದ್ದುಬಂದು 'ಹಂಚಿಕೊಳ್ಳಿ' ಎನ್ನುತ್ತದೆ. ಹಂಚಿದರೆ ಶಾಬಾಸ್ ಎನ್ನುತ್ತದೆ. 2014ರಲ್ಲಿ ಪ್ರಕಟವಾದ ಕೆನಡಾದ ಸಂಶೋಧಕರ ಒಂದು ಅಧ್ಯಯನವಿದೆ. ಒಂದು ಉದ್ದೇಶಕ್ಕೆ ಬೆಂಬಲವನ್ನು ನಾಲ್ಕು ಜನರಿಗೆ ಕಾಣುವಂತೆ ತೋರಿಸಿದವರಿಗಿಂತ, ಯಾರಿಗೂ ಕಾಣದಂತೆ ಬೆಂಬಲಿಸಿದವರು ಆಮೇಲೆ ನಿಜವಾದ ಸಹಾಯ ಕೇಳಿದಾಗ ಹೆಚ್ಚು ಒದಗಿದರು. ಒಳ್ಳೆಯವರೆನಿಸಿಕೊಳ್ಳುವ ಆಸೆ ಅಲ್ಲೇ ತೀರಿಬಿಟ್ಟರೆ ಕಾಲು ಏಕೆ ನೋಯಿಸಿಕೊಳ್ಳಬೇಕು? ಸಹಿ ಆದ ಮೇಲೆ ಬರುವ ಗುಂಡಿ 'ಹಂಚಿಕೊಳ್ಳಿ' ಆಗಬಾರದು, 'ನಿಮಗೆ ಯಾವ ದಿನ ಬಿಡುವು?' ಎಂದಾಗಬೇಕು. ಸಹಾಯ ವಿಭಾಗಕ್ಕೆ ಇದನ್ನೂ ಬರೆದೆ. 'ನಿಮ್ಮ ಸಲಹೆ ನಮಗೆ ಅಮೂಲ್ಯ' ಎಂದು ಯಂತ್ರ ಉತ್ತರಿಸಿತು.

ಇನ್ನೊಂದು ಅಧ್ಯಯನ ನನ್ನ ನೋಟ್‌ಪುಸ್ತಕವನ್ನೇ ದೊಡ್ಡದು ಮಾಡಿ ಅಚ್ಚುಹಾಕಿದಂತಿದೆ. ಅದರಲ್ಲೂ 61 ಬರುತ್ತದೆ, ಅವರದು ಮಾತ್ರ 61 ಮಿಲಿಯನ್, ಅಂದರೆ 6.1 ಕೋಟಿ ಜನ. 2010ರ ನವೆಂಬರ್ 2ರ ಅಮೆರಿಕದ ಸಂಸತ್ ಚುನಾವಣೆಯ ದಿನ ಫೇಸ್‌ಬುಕ್ ಮತ ಹಾಕಿ ಎಂಬ ಸಂದೇಶ ತೋರಿಸಿತು. ಕೆಲವರಿಗೆ ಬರೀ ಸಂದೇಶ, ಹೆಚ್ಚಿನವರಿಗೆ ಸಂದೇಶದ ಜೊತೆ ಆಗಲೇ ಮತ ಹಾಕಿದೆವೆಂದ ಅವರ ಗೆಳೆಯರ ಮುಖಗಳು. ಬರೀ ಸಂದೇಶ ಕಂಡವರು ಏನೂ ಕಾಣದವರಷ್ಟೇ ಮತ ಹಾಕಿದರು. ಮುಖ ಕಂಡವರಲ್ಲಿ ಮಾತ್ರ ಮತದಾನ ಶೇ. 0.39ರಷ್ಟು ಏರಿತು. ಸಣ್ಣ ಅಂಕಿ, ಆದರೆ ಜನಸಂಖ್ಯೆ ದೊಡ್ಡದು: ಸಂದೇಶದಿಂದ ನೇರವಾಗಿ ಸುಮಾರು 60,000 ಹೆಚ್ಚುವರಿ ಮತ, ಅವರ ಆಪ್ತರ ಮೂಲಕ ಸುಮಾರು 2,80,000 ಎಂದು ಸಂಶೋಧಕರು ಅಂದಾಜಿಸಿದರು. ನನ್ನ 38 ಮತ್ತು 12 ಕೂಡ ಅದೇ ಕಥೆ. ಪರಿಚಿತ ದನಿ, ಪರಿಚಿತ ಮುಖ.

ಇದೇ ಬಗೆಯ ಸೇವೆಯಿಂದ ದೊಡ್ಡ ಚಳವಳಿ ಹುಟ್ಟಿದ ಉದಾಹರಣೆ ಇಲ್ಲವೆಂದಲ್ಲ. ಫ್ರಾನ್ಸಿನಲ್ಲಿ 2018ರ ಮೇ ತಿಂಗಳಲ್ಲಿ ಪ್ರಿಸಿಲಿಯಾ ಲುಡೋಸ್ಕಿ ಇಂಧನ ಬೆಲೆಯ ವಿರುದ್ಧ ಆನ್‌ಲೈನ್ ಮನವಿ ಹಾಕಿದರು. ತಿಂಗಳುಗಟ್ಟಲೆ ಅದು ಕೆಲವೇ ನೂರು ಸಹಿಯಲ್ಲಿ ತೆವಳಿತು. ಪತ್ರಿಕೆಗಳು ಬರೆದ ಮೇಲೆ ಏರುತ್ತಾ ಏರುತ್ತಾ ವರ್ಷದ ಕೊನೆಯೊಳಗೆ ಹತ್ತು ಲಕ್ಷ ದಾಟಿತು. ನವೆಂಬರ್ 17ರಂದು ಹಳದಿ ಅಂಗಿ ತೊಟ್ಟ ಪ್ರತಿಭಟನಾಕಾರರು ರಸ್ತೆಗಿಳಿದರು. ಆಮೇಲೆ ಅದನ್ನು ವಾರಗಟ್ಟಲೆ ಉಳಿಸಿದ್ದು ರಸ್ತೆಯ ವೃತ್ತಗಳು: ಅಪರಿಚಿತರು ದಿನಾ ಅಲ್ಲಿ ಸೇರಿ, ನಿಂತು, ಮಾತಾಡಿ, ಪರಿಚಿತರಾದರು.

ಅಮೆರಿಕದ ಮಾಂಟ್‌ಗೊಮರಿಯಲ್ಲಿ ಕರಿಯರು ವರ್ಣಭೇದದ ವಿರುದ್ಧ ನಡೆಸಿದ ಬಸ್ ಬಹಿಷ್ಕಾರವನ್ನು ಹುಡುಗನ ಮುಂದೆ ನಾನು ಹೆಮ್ಮೆಯಿಂದ ಹೇಳಿದ್ದೆ. 1955ರ ಡಿಸೆಂಬರ್ 1ರಂದು, ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದ ರೋಸಾ ಪಾರ್ಕ್ಸ್ ಬಂಧನವಾಯಿತು. ಅಂದೇ ರಾತ್ರಿ ಕಾಲೇಜಿನ ನಕಲು ಯಂತ್ರದಲ್ಲಿ ಜೋ ಆನ್ ರಾಬಿನ್‌ಸನ್ ಸಾವಿರಾರು ಕರಪತ್ರ ತೆಗೆದರು. 5ನೆಯ ತಾರೀಕಿಗೆ ಬಸ್ಸುಗಳು ಖಾಲಿ ಓಡಿದವು. ಫೇಸ್‌ಬುಕ್ ಎಲ್ಲಿತ್ತು? ಹುಡುಗ ತಕ್ಷಣ ಕೇಳಿದ: "ಆ ನಕಲು ಯಂತ್ರ ಅಂದಿನ ಮೊಬೈಲ್ ಅಲ್ಲವೇ ಮೇಡಂ?" ಹೌದು, ಒಪ್ಪಿದೆ. ಕರಪತ್ರ ಕೊಟ್ಟದ್ದು ಮೊದಲ ದಿನವನ್ನು. ಬಹಿಷ್ಕಾರ ನಡೆದದ್ದು 381 ದಿನ. ಯಾರ ಕಾರು ಎಷ್ಟು ಹೊತ್ತಿಗೆ ಯಾವ ಮೂಲೆಯಲ್ಲಿ ನಿಂತು ಯಾರನ್ನು ಕೆಲಸಕ್ಕೆ ಬಿಡಬೇಕು ಎಂಬ ಪಟ್ಟಿ ಇಟ್ಟವರು ಉಳಿದ ದಿನಗಳನ್ನು ಕೊಟ್ಟರು. ಪಟ್ಟಿ ಎಂದರೆ ನನಗೆ ಪ್ರೀತಿ, ಪಕ್ಷಪಾತ ಎಂದು ಬೇಕಿದ್ದರೆ ಅನ್ನಿ.

ಗ್ರೂಪಿನ ಬಗ್ಗೆ ಒಂದೇ ಮಾತು. 212 ಜನ ಸೇರಿದ್ದರು. ಫಲಕದ ಮೇಲೆ ಏನು ಬರೆಯಬೇಕು ಎಂಬುದಕ್ಕೇ ಮೂರು ದಿನ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು. ಕೊನೆಗೆ ಗ್ರಂಥಪಾಲಕರು ತಮಗೆ ತೋಚಿದ್ದನ್ನು ಬರೆದು ಒಣಗಲಿಟ್ಟರು.

ಕಚೇರಿಯ ಕಡೆಯಿಂದ ಈ ಎಲ್ಲದಕ್ಕೂ ಪ್ರತಿಕ್ರಿಯೆ ಬಂದದ್ದು ಯಾವಾಗ ಗೊತ್ತೇ? ಮನವಿಯ ಕೆಳಗೆ ನೂರಾರು ಜನ ಬೈದು ಬರೆದಾಗ ಅಲ್ಲ. 'ಸೋಮವಾರ ಬೆಳಿಗ್ಗೆ 10, ಕಚೇರಿಯ ಮುಂದೆ' ಎಂದು ಹಾಕಿದ ಎರಡು ಗಂಟೆಯೊಳಗೆ ನನಗೆ ಫೋನ್ ಬಂತು: "ಎಷ್ಟು ಜನ ಬರಬಹುದು ಮೇಡಂ?" ಚೀನಾದ ಜಾಲತಾಣಗಳಲ್ಲಿ ಅಳಿಸಿದ ಬರಹಗಳನ್ನು ಗ್ಯಾರಿ ಕಿಂಗ್, ಜೆನಿಫರ್ ಪ್ಯಾನ್, ಮಾರ್ಗರೆಟ್ ರಾಬರ್ಟ್ಸ್ ಎಂಬ ಸಂಶೋಧಕರು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ್ದೂ ಇದನ್ನೇ. ಸರ್ಕಾರವನ್ನು ಬೈದ ಬರಹಗಳು ಎಷ್ಟೋ ಉಳಿದಿದ್ದವು. ಜನ ಒಟ್ಟುಗೂಡುವಂತೆ ಮಾಡಬಲ್ಲವು, ಸರ್ಕಾರವನ್ನು ಹೊಗಳಿದ್ದರೂ ಸರಿ, ಅಳಿಸಿ ಹೋಗಿದ್ದವು. ಕತ್ತರಿ ಹಿಡಿದವನಿಗೆ ಯಾವ ಸಾಲು ಕೆಲಸದ್ದು ಎಂದು ಗೊತ್ತಿರುತ್ತದೆ. ಹಾಗಾಗಿ ಈ ಸೇವೆಯನ್ನು ಬಳಸುವವರಿಗೆ ನನ್ನ ಸಲಹೆ: ಬೇಡಿಕೆಯ ಮೊದಲ ಸಾಲಿನಲ್ಲೇ ದಿನ, ಹೊತ್ತು, ಜಾಗ ಬರೆಯಿರಿ. ನಾವು ಬಾಲ್ಯದ ನೆನಪುಗಳಿಂದ ಶುರು ಮಾಡಿ ನಾಲ್ಕು ತಿಂಗಳು ಕಳೆದುಕೊಂಡೆವು.

ಸೋಮವಾರ ಕಚೇರಿಯ ಮುಂದೆ 83 ಜನ ನಿಂತರು. ಈ ಬಾರಿ ಕಾರ್ಡ್ ಎಷ್ಟು ಜನಕ್ಕಿದೆ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಅದನ್ನು ಕೈಯಲ್ಲೇ ಹಿಡಿದಿದ್ದರು. ಮುಚ್ಚುವ ಆದೇಶವನ್ನು ಆರು ತಿಂಗಳು ಮುಂದೂಡಿದ್ದಾರೆ. ಮರುದಿನವೇ ಸೇವೆಯಿಂದ ಇಮೇಲ್ ಬಂತು: 'ಗೆಲುವು ಘೋಷಿಸುವಿರಾ?' ಅಲ್ಲಿ ಇರುವುದು ಎರಡೇ ಗುಂಡಿ, ಒಂದು ಗೆದ್ದೆವು ಎನ್ನಲು, ಇನ್ನೊಂದು ಮನವಿ ಮುಚ್ಚಲು. ಮುಂದೂಡಿದರು ಎಂಬುದಕ್ಕೆ ಗುಂಡಿಯಿಲ್ಲ. ಇದಕ್ಕೆ ಅರ್ಧ ನಕ್ಷತ್ರ ಕಳೆಯೋಣವೆಂದರೆ ಇಲ್ಲಿ ಅರ್ಧ ಕೊಡುವ ಸೌಲಭ್ಯವಿಲ್ಲ.

ಎರಡನ್ನೂ ಒತ್ತದೆ ಬಿಟ್ಟಿದ್ದೇನೆ. ಮುಂದಿನ ಸಭೆಯ ದಿನಾಂಕವನ್ನು ಹುಡುಗ ಅಲ್ಲಿ ಹಾಕಿ ಮೂರು ದಿನವಾಯಿತು, ಈಗ ನಮ್ಮ ಕರೆಗಳ ಸರದಿ. ನನ್ನ ಪಾಲಿಗೆ ಇಪ್ಪತ್ತೆರಡು ಹೆಸರು ಬಂದಿವೆ. ಹತ್ತೊಂಬತ್ತು ಆಗಿದೆ. ಉಳಿದ ಮೂವರು ಫೋನ್ ಎತ್ತುತ್ತಿಲ್ಲ, ಸಂಜೆ ಮತ್ತೊಮ್ಮೆ ನೋಡುತ್ತೇನೆ.